ಉಂಗುರ ಕಟ್ಟದ ಕೋಶಗಳು

ನದಿಯ ದಂಡೆಯ ಆಶ್ರಮದಲ್ಲಿ ಅನಂತಮತಿ ಎಂಬ ವೈದ್ಯೆ ಇದ್ದರು. ರೋಗಿಗಳನ್ನು ನೋಡುತ್ತಿದ್ದರು, ಕಲಿಯಲು ಬಂದವರಿಗೆ ಕಲಿಸುತ್ತಿದ್ದರು.

ಧರಣೇಂದ್ರ ಅವರಲ್ಲಿಗೆ ಬಂದದ್ದು ತಾಯಿಯನ್ನು ಕಳೆದುಕೊಂಡ ವರ್ಷ. ಮೂಳೆ ಸವೆದು ಸವೆದು, ಕೊನೆಕೊನೆಗೆ ಕೆಮ್ಮಿದರೂ ಆಕೆಯ ಪಕ್ಕೆಲುಬು ಮುರಿಯುತ್ತಿತ್ತು.

"ಮೂಳೆ ತಿನ್ನುವ ಜೀವಕೋಶಗಳಿವೆಯಂತಲ್ಲ ಅಮ್ಮಾ, ಅವನ್ನು ತೋರಿಸಿ," ಎಂದ.

ಅವನ ರಕ್ತದಿಂದಲೇ ಆ ಕೋಶಗಳನ್ನು ಬೆಳೆಸಿ, ತೆಳ್ಳಗೆ ಸೀಳಿದ ಮೂಳೆಯ ಮೇಲೆ ಬಿಟ್ಟು, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರು. ಒಂದೊಂದು ಕೋಶದಲ್ಲೂ ಒಂದು ಹೊಳೆಯುವ ಉಂಗುರ.

"ಅವು ಆಕ್ಟಿನ್ ಎಂಬ ಎಳೆಗಳು. ಉಂಗುರ ಕಟ್ಟಿ ಮೂಳೆಗೆ ಬಿಗಿಯಾಗಿ ಅಂಟಿಕೊಂಡ ಮೇಲೆಯೇ ಕೋಶ ಆ ಉಂಗುರದೊಳಗೆ ಆಮ್ಲ ಸುರಿಯುವುದು. ಅಷ್ಟಗಲ ಮೂಳೆ ಕರಗುತ್ತದೆ."

"ಉಂಗುರ ಒಡೆದರೆ?"

"ಕರಗುವುದು ನಿಲ್ಲುತ್ತದೆ."

ಎರಡು ವರ್ಷ ಅವನಿಗೆ ಬೇರೆ ಧ್ಯಾನವೇ ಇರಲಿಲ್ಲ. ಒಂದು ಮಧ್ಯಾಹ್ನ ಓಡಿಬಂದ.

"ಅಮ್ಮಾ, ಆ ಎಳೆಗಳನ್ನು ಚೆದುರಿಸುವ ಔಷಧ ಸಿಕ್ಕಿತು! ಒಂದು ಉಂಗುರವೂ ಉಳಿದಿಲ್ಲ. ಇನ್ನು ಯಾರ ಮೂಳೆಯೂ ಸವೆಯಬೇಕಾಗಿಲ್ಲ."

ಅನಂತಮತಿ ಕಪಾಟಿನಿಂದ ಇನ್ನೊಂದು ಗಾಜಿನ ಸ್ಲೈಡು ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟರು. ಅವನು ಕಣ್ಣಿಟ್ಟು ನೋಡಿದ. ಎಲ್ಲೂ ಉಂಗುರವಿಲ್ಲ.

"ಇದಕ್ಕೆ ಯಾವ ಔಷಧ ಹಾಕಿದಿರಿ?"

"ಏನೂ ಹಾಕಿಲ್ಲ. ಬಾ."

ರೋಗಿಗಳ ಕೋಣೆಯ ಬಾಗಿಲಲ್ಲಿ ನಿಂತರು. ಒಳಗೆ ಐದು ವರ್ಷದ ಹುಡುಗಿಯೊಬ್ಬಳು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಳು.

"ಸುಗಂಧಿ ಅಂತ," ಅನಂತಮತಿ ದನಿ ತಗ್ಗಿಸಿದರು. "ಇವಳ ಕೋಶಗಳಿಗೆ ಹುಟ್ಟಿನಿಂದಲೇ ಉಂಗುರ ಕಟ್ಟಲು ಬಾರದು. ಹಳೆಯ ಮೂಳೆ ಕರಗುವುದಿಲ್ಲ, ಅದರ ಮೇಲೆಯೇ ಹೊಸದು ಬೆಳೆಯುತ್ತದೆ. ಕಲ್ಲಿನಂತೆ ಗಟ್ಟಿ, ಆದರೆ ಪೆಡಸು; ಮೂರು ಸಲ ಮುರಿದಿದೆ. ಒಳಗೆ ರಕ್ತ ಹುಟ್ಟುವ ಜಾಗವೇ ಮುಚ್ಚಿಹೋಗುತ್ತಿದೆ. ಬೆಳೆದ ಮೂಳೆಯ ನಡುವೆ ಕಣ್ಣಿನ ನರ ಹಿಸುಕಿಹೋಗಿ, ಕಾಣದಂತಾಗಿ ವರ್ಷವಾಯಿತು."

"ಉಳಿಯುತ್ತಾಳೆಯೇ?"

"ಮಳೆಗಾಲದವರೆಗೆ ಇರಬಹುದು."

ಸದ್ದು ಕೇಳಿ ಹುಡುಗಿ ಇತ್ತ ಮುಖ ತಿರುಗಿಸಿದಳು. "ಯಾರು? ಅವ್ವಾ, ನೀನಾ?"

ಎರಡು ವರ್ಷ ತಾನು ಹಗಲಿರುಳೂ ಬಯಸಿದ್ದು ಇದನ್ನೇ ಅಲ್ಲವೇ ಎನ್ನಿಸಿ ಧರಣೇಂದ್ರ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಅಮ್ಮಾ, ಆ ಕೋಶಗಳು ಶತ್ರುಗಳಲ್ಲ ಅಂದಮೇಲೆ ನಾನು ಯಾರ ಮೇಲೆ ಸಿಟ್ಟಾಗಲಿ? ಇನ್ನೇನು ಕಲಿಯಲಿ?"

ಅನಂತಮತಿ ಪಕ್ಕದ ಖಾಲಿ ಮಂಚದಿಂದ ದಿಂಬೊಂದನ್ನು ತೆಗೆದು ಅವನ ಕೈಗೆ ಕೊಟ್ಟರು.

"ಅವಳ ಕಾಲು ನೋಯುತ್ತಿದೆ. ಮೆಲ್ಲಗೆ ಎತ್ತಿ ಇದರ ಮೇಲಿಡು."