ಇಂದುಮಾಲೆಯ ಕಾಡಿಗೆ ಕರಡಿಗೆ

ಎಲ್ಲರ ಕೈಯಲ್ಲೂ ಅಕ್ಷತೆ ಇದೆಯಷ್ಟೆ? ಕಾಡಿಗೆ ಒರೆಸಿಕೊಂಡಿರಾ? ಏ ಸುಭದ್ರೆ, ನಿನ್ನ ಎಡಗಣ್ಣ ಮೂಲೆಯಲ್ಲಿ ಇನ್ನೂ ಒಂದು ಗೆರೆ ಉಳಿದಿದೆ ನೋಡು. ಸೆರಗಿನಲ್ಲಲ್ಲ ಕಣೇ, ಒಗೆದ ಬಟ್ಟೆಯಲ್ಲಿ ಒರೆಸಿಕೋ. ಹಾಂ, ಈಗ ಸರಿ. ದೀಪದ ಕಡೆ ನೋಡುತ್ತ, ಬರಿಗಣ್ಣ ಗೌರಿಯನ್ನು ಮನಸ್ಸಿನಲ್ಲಿ ನೆನೆದು ಕೇಳಿರಿ. ಈ ಕಥೆ ಹೇಳುವಾಗ ನನಗೆ ಪ್ರತಿ ವರ್ಷವೂ ಮೈ ಜುಮ್ಮೆನ್ನುತ್ತದೆ, ಮಧ್ಯೆ ಯಾರೂ ಎದ್ದು ಹೋಗಕೂಡದು!

ಕೇತಕಾಪುರವೆಂಬ ಪಟ್ಟಣವನ್ನು ಜಯಕೇತುವೆಂಬ ರಾಜನು ಧರ್ಮದಿಂದ ಆಳುತ್ತಿರಲಾಗಿ, ಅವನಿಗೆ ಇಂದುಮಾಲೆಯೆಂಬ ರಾಣಿಯಿದ್ದಳು. ಆಹಾ, ಅವಳ ಕಣ್ಣುಗಳೇ ಕಣ್ಣುಗಳು! ಅವಳು ರೆಪ್ಪೆ ಎತ್ತಿದರೆ ಸಭೆಯಲ್ಲಿ ಮಾತಾಡುತ್ತಿದ್ದವರು ಮಾತು ಮರೆಯುವರು. ಬಹುಕಾಲ ಮಕ್ಕಳಿಲ್ಲದೆ ಕೊರಗಿದ ಅವಳಿಗೆ, ಅತ್ತೆ ಗಂಗಾಂಬೆಯು ಬರಿಗಣ್ಣ ಗೌರಿಗೆ ಹರಕೆ ಹೊತ್ತ ಫಲವಾಗಿ ಒಂದು ಹೆಣ್ಣು ಕೂಸು ಹುಟ್ಟಿತು. ತಾಯಿಯ ಕಣ್ಣನ್ನೇ ಹೊತ್ತು ಬಂದ ಆ ಕೂಸಿಗೆ ನೇತ್ರಾವತಿಯೆಂದು ಹೆಸರಿಟ್ಟರು.

ಆ ಮನೆತನದ ಪದ್ಧತಿ ಏನೆಂದರೆ, ಮಾಘ ಮಾಸದ ಮೊದಲ ಮಂಗಳವಾರ ಹೆಂಗಸರೆಲ್ಲರೂ ಹಳೆಯ ಕಾಡಿಗೆಯನ್ನು ಹಿತ್ತಲಲ್ಲಿ ಚೆಲ್ಲಿ, ಅದನ್ನು ತುಂಬಿಡುವ ಪುಟ್ಟ ಕರಡಿಗೆಯನ್ನು ಬೂದಿ ಹಚ್ಚಿ ಬೆಳಗಿ, ಕುದಿವ ನೀರಿನಲ್ಲಿ ಅದ್ದಿ ಒಣಗಿಸಿ, ಮುಖ ತೊಳೆದು, ಬರಿಗಣ್ಣಿನಲ್ಲಿ ದೇವಿಯ ಮುಂದೆ ಕೂರಬೇಕು. ಪೂಜೆಯಾದ ಮೇಲೆ ದೀಪದ ಹೊಗೆ ಹಿಡಿದು ಹೊಸ ಕಾಡಿಗೆ ಮಾಡಿ, ಅವರವರದನ್ನು ಅವರವರೇ ಇಟ್ಟುಕೊಳ್ಳಬೇಕು. ಒಬ್ಬರ ಕರಡಿಗೆಗೆ ಇನ್ನೊಬ್ಬರು ಬೆರಳು ಹಾಕುವಂತಿಲ್ಲ.

ಆ ವರ್ಷ ವ್ರತದ ದಿನ ಬರಲು, ಗಂಗಾಂಬೆಯು ಸೊಸೆಯನ್ನು ಕರೆಯಲಾಗಿ, ಇಂದುಮಾಲೆಯು ಕನ್ನಡಿಯ ಮುಂದಿನಿಂದ ಏಳದೆ, "ಬೋಳುಗಣ್ಣಿನಲ್ಲಿ ಊರವರ ಮುಂದೆ ಕೂರಲು ನನ್ನಿಂದಾಗದು ಅತ್ತೆ, ಬೇಕಾದರೆ ನೀವು ಕೂತುಕೊಳ್ಳಿ, ನಿಮ್ಮ ಕಣ್ಣನ್ನು ಈಗ ನೋಡುವವರು ಯಾರು?" ಎಂದುಬಿಟ್ಟಳು. ನೋಡಿ ಅವಳ ಸೊಕ್ಕು! ಹಿರಿಯಳು ತನ್ನ ಕರಡಿಗೆಯನ್ನು ತೆಗೆದುಕೊಂಡು ಅರಮನೆಯ ಹಿಂದಿನ ತೋಟದ ಮನೆಗೆ ಹೊರಟುಹೋದಳು. ಇಂದುಮಾಲೆಯು ಹಳೆಯ ಕಾಡಿಗೆಯ ಮೇಲೆಯೇ ಹೊಸದನ್ನು ಮೆತ್ತಿ, ಸಖಿಯರೆಲ್ಲ ಬೆರಳು ಅದ್ದಿದ ಅದೇ ಕರಡಿಗೆಯಿಂದ ಕಣ್ಣು ತೀಡಿಕೊಂಡಳು.

ಕೆಲವು ದಿನ ಕಳೆಯಲು, ಅವಳ ಬಲಗಣ್ಣಿನ ರೆಪ್ಪೆಯ ಅಂಚಿನಲ್ಲಿ ಸಾಸಿವೆಯಷ್ಟು ಒಂದು ಕುರು ಎದ್ದಿತು. ಸಣ್ಣದು, ಅಷ್ಟೇ! ಸುಮ್ಮನೆ ಬಿಟ್ಟಿದ್ದರೆ ತಾನಾಗಿ ಇಳಿಯುತ್ತಿತ್ತೋ ಏನೋ. ಬಿಟ್ಟಾಳೆಯೇ ಅವಳು? ಬೆರಳ ತುದಿಯಲ್ಲಿ ಒತ್ತಿದಳು, ಹಿಸುಕಿದಳು. ಅದು ಕಡಲೆಯಷ್ಟಾಯಿತು. ಸಖಿಯರು ಬಂಗಾರದ ಸೂಜಿ ತಂದರೆ, ಅಯ್ಯಯ್ಯೋ, ಕಣ್ಣಿನ ಹತ್ತಿರ ಸೂಜಿ! ಚುಚ್ಚಿಯೂ ಚುಚ್ಚಿದಳು. ಕಣ್ಣು ಊದಿ ಮುಚ್ಚಿಕೊಂಡಿತು.

ಆಗಲೂ ಬುದ್ಧಿ ಬಂತೇ? ಇಲ್ಲ. "ನನ್ನ ಕಣ್ಣು ಕಂಡು ಊರವರು ಹೊಟ್ಟೆ ಉರಿದುಕೊಂಡರು, ದೃಷ್ಟಿ ತಾಗಿತು" ಎಂದು ಮೆಣಸಿನಕಾಯಿ ಸುಟ್ಟಳು, ಕುಂಬಳಕಾಯಿ ಒಡೆಸಿದಳು. ಕುರು ಇಳಿಯಲಿಲ್ಲ. ತನಗೆ ತಾಗಿದ ದೃಷ್ಟಿ ಕೂಸಿಗೂ ತಾಗೀತೆಂದು ಹೆದರಿ, ಅದೇ ಕರಡಿಗೆಯಲ್ಲಿ ಅದೇ ಬೆರಳನ್ನು ಅದ್ದಿ, ನೇತ್ರಾವತಿಯ ಎರಡೂ ಕಣ್ಣಿಗೆ ದಪ್ಪನೆ ಕಾಡಿಗೆ ತೀಡಿದಳು. ಕಾಪಾಡಲೆಂದೇ ತೀಡಿದಳು, ತಾಯಿಯಲ್ಲವೇ! ಮರುದಿನ ಬೆಳಗಾಗಿ ತೊಟ್ಟಿಲ ಬಟ್ಟೆ ಸರಿಸಿ ನೋಡಲು, ಕೂಸಿನ ಎರಡು ಕಣ್ಣೂ ಪಿಸುರು ಕಟ್ಟಿ ಅಂಟಿಕೊಂಡಿದ್ದವು. ದನಿ ಕೇಳಿದ ಕಡೆಗೆಲ್ಲ ಕೂಸು ಮುಖ ತಿರುಗಿಸುವುದು, ತಾಯಿ ಕಾಣದೆ ಬಿಕ್ಕಿ ಅಳುವುದು.

ಇಂದುಮಾಲೆಯು ತಡಮಾಡಲಿಲ್ಲ. ಪಲ್ಲಕ್ಕಿ ಬೇಡ, ಕೊಡೆ ಬೇಡ, ಕೂಸನ್ನು ಎದೆಗೆ ಅವಚಿಕೊಂಡು, ಊದಿದ ಮುಖವನ್ನು ಮುಚ್ಚಿಕೊಳ್ಳಲೂ ಮರೆತು, ಬರಿಗಾಲಲ್ಲಿ ತೋಟದ ಮನೆಗೆ ಓಡಿದಳು. ಅತ್ತೆಯ ಕಾಲಿಗೆ ಬೀಳಲು ಬಗ್ಗಿದರೆ, ಗಂಗಾಂಬೆಯು, "ಕಾಲಿಗೆ ಆಮೇಲೆ ಬೀಳುವೆಯಂತೆ, ಮೊದಲು ಮಗೂನ ಇಲ್ಲಿ ಕೊಡಮ್ಮ" ಎಂದು ಕೈ ಚಾಚಿದಳು. ಒಡನೆ ವೈದ್ಯನಿಗೆ ಹೇಳಿ ಕಳುಹಿಸಿದಳು. ವೈದ್ಯನು ಬಂದು ಕೂಸಿಗೆ ಔಷಧ ಕೊಟ್ಟು, "ಒತ್ತಬೇಡಿ, ಚುಚ್ಚಬೇಡಿ, ಕಾಡಿಗೆ ಮುಟ್ಟಿಸಲೇಬೇಡಿ, ಶುದ್ಧ ಬಟ್ಟೆಯಲ್ಲಿ ಹದವಾಗಿ ಶಾಖ ಕೊಡಿ" ಎಂದು ಹೇಳಿ ಹೋದನು.

ಆಗ ಗಂಗಾಂಬೆಯು ಸೊಸೆಗೆ ವ್ರತದ ಕ್ರಮವನ್ನು ಹೇಳಿಕೊಡಲಾಗಿ, ಇಂದುಮಾಲೆಯು ತನ್ನ ಕೈಯಾರೆ ಕಾಡಿಗೆ ಚೆಲ್ಲಿ, ರಾಣಿಯಾದರೂ ಬೂದಿ ಹಚ್ಚಿ ಕರಡಿಗೆ ತಿಕ್ಕಿ, ಕೈ ತೊಳೆದು, ಕಾಯಿಸಿ ಆರಿಸಿದ ನೀರಿನಲ್ಲಿ ಬಿಳಿಯ ಬಟ್ಟೆಯನ್ನು ಅದ್ದಿ ಹಿಂಡಿ, ಬಿಸಿ ಹೆಚ್ಚಾಯಿತೋ ಎಂದು ತನ್ನ ಮಣಿಕಟ್ಟಿಗೆ ಮುಟ್ಟಿಸಿ ನೋಡಿ, ಕೂಸಿನ ಕಣ್ಣ ಮೇಲೆ ಮೆಲ್ಲಗೆ ಇಟ್ಟಳು. ಬೇರೆ ಬಟ್ಟೆಯಿಂದ ತನ್ನ ಕಣ್ಣಿಗೂ ಇಟ್ಟುಕೊಂಡಳು. ದಾಸಿಯರು ಮುಂದೆ ಬಂದರೆ ಬಿಡಲಿಲ್ಲ. ಬೆಳಗೂ ಸಂಜೆಯೂ ಅವಳದೇ ಕೈ.

ಮುಂದಿನ ಮಂಗಳವಾರ, ತಪ್ಪಿದ ವ್ರತವನ್ನು ಒಪ್ಪಿಸಲೆಂದು ಊರ ಹೆಂಗಸರನ್ನೆಲ್ಲ ಕರೆಸಿದಳು. ಕುರು ಇನ್ನೂ ಪೂರ್ತಿ ಇಳಿದಿರಲಿಲ್ಲ. ಆ ಕೆಂಪು ಕಣ್ಣನ್ನು, ಬೋಳು ರೆಪ್ಪೆಯನ್ನು ಹೊತ್ತು, ತೊಡೆಯ ಮೇಲೆ ಕೂಸನ್ನಿಟ್ಟುಕೊಂಡು, ಎಲ್ಲರೆದುರು ದೇವಿಯ ಮುಂದೆ ಕೂತಳು. ನಗುತ್ತಾರೆಂದು ತಲೆ ತಗ್ಗಿಸಿದಳು. ಯಾರೂ ನಗಲಿಲ್ಲ ಕಣ್ರೇ! ಒಬ್ಬರೂ ಕಾಡಿಗೆ ಹಚ್ಚಿ ಬಂದಿರಲಿಲ್ಲ. ಎಲ್ಲರೂ ಬರಿಗಣ್ಣವರೇ, ಮುದುಕಿ ಗಂಗಾಂಬೆ ಎಲ್ಲರಿಗಿಂತ ಮುಂದೆ.

ಇಂದುಮಾಲೆಯು, "ತಾಯೀ, ನನ್ನ ಕಣ್ಣು ಹೇಗಾದರೂ ಇರಲಿ, ಇವಳ ಕಣ್ಣು ಬಿಡಿಸು" ಎಂದು ಬೇಡುತ್ತಿರಲು, ದೇವಿಯ ಬಲಗಡೆಯಿಂದ ಒಂದು ಮಲ್ಲಿಗೆ ಉದುರಿ ಕೂಸಿನ ಹಣೆಯ ಮೇಲೆ ಬಿತ್ತು. ಬಿದ್ದದ್ದೇ ತಡ, ಕೂಸಿನ ರೆಪ್ಪೆ ಅಲುಗಿತು! ಒಂದು ಕಣ್ಣು ಬಿಟ್ಟಿತು, ಇನ್ನೊಂದೂ ಬಿಟ್ಟಿತು! ಹುಟ್ಟಿದಂದಿನಿಂದ ಅದು ಕಾಡಿಗೆಯಿಲ್ಲದ ತಾಯಿಯನ್ನು ಕಂಡೇ ಇರಲಿಲ್ಲ. ಗುರುತು ಹಿಡಿಯುವುದೋ ಇಲ್ಲವೋ ಎಂದು ಎಲ್ಲರೂ ಉಸಿರು ಬಿಗಿಹಿಡಿದಿರಲು, ಕೂಸು ಆ ಊದಿದ ಕಣ್ಣನ್ನೇ ನೋಡಿ ನೋಡಿ, ಬೊಚ್ಚುಬಾಯಿ ತೆರೆದು ಕಿಲಕಿಲನೆ ನಕ್ಕಿತು. ರಾಣಿಯು ಅಷ್ಟು ಜನರ ಮುಂದೆ ಗೊಳೋ ಎಂದು ಅತ್ತಳು.

ಹಾಗೆ ಅವಳ ಕಣ್ಣೂ ವಾಸಿಯಾಗಿ, ಗಂಗಾಂಬೆಯು ಅರಮನೆಗೆ ಮರಳಿ, ಎಲ್ಲರೂ ಬಹುಕಾಲ ಸುಖವಾಗಿದ್ದರು. ಇಂದುಮಾಲೆಯು ಅಂದಿನಿಂದ ಕೂಸಿನ ಅಂಗಾಲಿಗೆ ದೃಷ್ಟಿಯ ಬೊಟ್ಟಿಟ್ಟಳೇ ಹೊರತು ಕಣ್ಣಿಗೆ ಕಾಡಿಗೆ ಮುಟ್ಟಿಸಲಿಲ್ಲ. ನೀವೂ ಅಷ್ಟೇ, ಕುರು ಇಳಿಯದೆ ಬೆಳೆದರೆ, ಜ್ವರ ಬಂದರೆ, ಕಣ್ಣು ಮಂಜಾದರೆ ಡಾಕ್ಟರ ಬಳಿ ಓಡಿ ಹೋಗಿ. ದೇವಿ ಬೇಸರ ಮಾಡಿಕೊಳ್ಳುವವಳಲ್ಲ, ವೈದ್ಯನನ್ನು ಕಳಿಸಿದವಳೂ ಅವಳೇ.

ಈ ಕಥೆಯನ್ನು ದೀಪದ ಮುಂದೆ ಹೇಳಿದವರಿಗೂ, ಬರಿಗಣ್ಣಿನಲ್ಲಿ ಕೂತು ಕೇಳಿದವರಿಗೂ, ಕೇಳಿ ಹೋಗಿ ನೆರೆಮನೆಯವರಿಗೆ ತಿಳಿಸಿದವರಿಗೂ ಇಂದುಮಾಲೆಗೆ ಒದಗಿದ ಫಲವೇ ಒದಗಲಿ, ಅವರ ಮಕ್ಕಳು ಕಣ್ಣು ಬಿಟ್ಟು ಅವರ ಮುಖ ನೋಡಿ ನಗಲಿ. ಈಗ ಅಕ್ಷತೆ ಹಾಕಿರಿ. ಸುಭದ್ರೆ, ಅಳಬೇಡವೇ, ನಿನ್ನ ಮಗುವನ್ನು ಎತ್ತಿಕೋ, ಎದ್ದು ನಿನ್ನನ್ನೇ ನೋಡುತ್ತಿದೆ.