ವಾಯವ್ಯ ಮೂಲೆಯ ಕಕ್ಕಸು

“ಗುರುಗಳೇ, ಶೌಚಾಲಯವನ್ನು ಯಾವ ದಿಕ್ಕಿಗೆ ಕಟ್ಟಿಸಬೇಕು?” ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಶಂಭುಲಿಂಗ. ಮಠದ ಕಟ್ಟಡದ ಕೆಲಸಗಳೆಲ್ಲ ಅವನ ಪಾಲಿಗೆ ಬಂದಿದ್ದವು. ಮಠ ಇದ್ದದ್ದು ಗುಡ್ಡದ ಮೇಲೆ, ಇದ್ದ ಒಂದೇ ಒಂದು ಶೌಚಾಲಯ ಗುಡ್ಡದ ಬುಡದಲ್ಲಿ. ದಾಸೋಹದ ಮನೆಯಲ್ಲಿ ಮೂವರು ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಅಡುಗೆ ಮಾಡುತ್ತಿದ್ದರು. ಅವರಿಗೆಂದು ಮೇಲೊಂದು ಕಟ್ಟಿಸಬೇಕೆಂದು ಕಳೆದ ಯುಗಾದಿಯಲ್ಲೇ ತೀರ್ಮಾನವಾಗಿತ್ತು. ಎಲ್ಲಿ ಎನ್ನುವುದು ಮಾತ್ರ ತೀರ್ಮಾನವಾಗಿರಲಿಲ್ಲ. ಸಮಿತಿ ಆರು ಸಲ ಸೇರಿತ್ತು. ಒಬ್ಬರು ಒಂದು ಮೂಲೆ ತೋರಿಸಿದರೆ ಇನ್ನೊಬ್ಬರು ಅಲ್ಲಿ ಬೇಡ ಅನ್ನುತ್ತಿದ್ದರು. ಶಂಭುಲಿಂಗನ ಕೈಯಲ್ಲಿದ್ದ ನಕ್ಷೆಯ ಮೇಲೆ ಎಳೆದ ಗೆರೆಗಳಿಗಿಂತ ಅಳಿಸಿದ ಗೆರೆಗಳೇ ಹೆಚ್ಚಾಗಿದ್ದವು.

“ಏನಂದೆ?” ಎಂದರು ಗುರುಗಳು.

“ಶೌಚಾಲಯ, ಗುರುಗಳೇ.”

“ಕಕ್ಕಸು ಅನ್ನು. ನಾಲಿಗೆಯೇನೂ ಸುಡುವುದಿಲ್ಲ.”

ಅಷ್ಟರಲ್ಲಿ ಅಡುಗೆಯ ಪುಟ್ಟಗಂಗಮ್ಮ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಬಂದು ಇಬ್ಬರ ಮುಂದೆಯೂ ಒಂದೊಂದು ಲೋಟ ಮಜ್ಜಿಗೆ ಇಟ್ಟಳು. “ನೀನೂ ಒಂದು ಲೋಟ ಕುಡಿ ತಾಯಿ, ಬಿಸಿಲು ಜೋರಾಗಿದೆ” ಎಂದರು ಗುರುಗಳು. “ಆಮೇಲೆ ಕುಡೀತೀನಿ ಬುದ್ಧಿ” ಎಂದು ಅವಳು ಒಲೆಯ ಕಡೆಗೆ ಹೋದಳು. ಶಂಭುಲಿಂಗ ತನ್ನ ಲೋಟವನ್ನು ಗಟಗಟ ಮುಗಿಸಿ, ಬಾಯಿ ಒರೆಸಿಕೊಂಡು, ನಕ್ಷೆಯನ್ನು ಬಿಡಿಸಿ ನೆಲಕ್ಕೆ ಹಾಸಿದ.

ಗುರುಗಳು ನಕ್ಷೆಯನ್ನು ನೋಡಲಿಲ್ಲ. “ಸುತ್ತಿಡು ಅದನ್ನು. ಒಂದು ಕತೆ ಹೇಳುತ್ತೇನೆ, ಕೇಳು. ನೆನೆದಾಗಲೆಲ್ಲ ನನಗೆ ಸಿಟ್ಟು ಬರುವ ಕತೆ” ಎಂದು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನು, ಅವನ ಹೆಂಡತಿ, ಮೂವರು ಮಕ್ಕಳು, ಒಬ್ಬ ತಮ್ಮ, ತಮ್ಮನ ಹೆಂಡತಿ, ಮತ್ತೆ ಅಣ್ಣತಮ್ಮಂದಿರ ತಾಯಿ. ಎಂಟು ಜನರ ಮನೆ. ಕಕ್ಕಸು ಒಂದೇ. ಅದೂ ಹಿತ್ತಲಿನ ಕೊನೆಯಲ್ಲಿ, ಬಾವಿ ದಾಟಿ. ಹಿತ್ತಲ ಬಾಗಿಲಿನಿಂದ ಇಳಿಯಲು ನಾಲ್ಕು ಕಲ್ಲಿನ ಮೆಟ್ಟಿಲು.

ತಾಯಿಗೆ ಮಂಡಿನೋವು. ಒಂದು ಬೆಳಗ್ಗೆ ಆ ಮೆಟ್ಟಿಲ ಮೇಲೆ ಕಾಲು ಜಾರಿ ಬಿದ್ದಳು. ಮಣಿಕಟ್ಟು ಮುರಿಯಿತು. ಗಂಡುಮಕ್ಕಳಿಬ್ಬರೂ ಒಳ್ಳೆಯವರು. ಇದನ್ನು ನೀನು ನೆನಪಿಟ್ಟುಕೋ, ಆ ಮನೆಯಲ್ಲಿ ಕೆಟ್ಟವರು ಒಬ್ಬರೂ ಇರಲಿಲ್ಲ. ಅಮ್ಮನಿಗೆ ಮನೆಯೊಳಗೇ ಒಂದು ಕಕ್ಕಸು ಕಟ್ಟಿಸಿಬಿಡೋಣ ಎಂದು ಆಸ್ಪತ್ರೆಯಿಂದ ಬರುವ ದಾರಿಯಲ್ಲೇ ಮಾತಾಡಿಕೊಂಡರು. ಮಾರನೆಯ ದಿನವೇ ಗಾರೆ ಕೆಲಸದವನನ್ನು ಕರೆಸಿದರು.

ಗಾರೆಯವನು ಮನೆಯನ್ನು ಒಂದು ಸುತ್ತು ಹಾಕಿದ. ತಾಯಿ ಗೋಡೆ ಹಿಡಿದುಕೊಂಡು ನಡೆಯುವುದನ್ನು ನೋಡಿದ. ಅವಳ ಕೋಣೆಗೆ ತಾಗಿ ಒಂದು ಉಗ್ರಾಣ ಇತ್ತು. ಅದರ ತುಂಬ ಬೆಲ್ಲ ಹುಯ್ಯುವ ಹಳೆಯ ಮರದ ಅಚ್ಚುಗಳು. “ಇಲ್ಲೇ ಹಾಕ್ಬುಡಾಣ ಸಾವ್ಕಾರ್ರೆ, ಎಂಟು ದಿನದ ಕೆಲ್ಸ” ಎಂದ.

ಕತೆ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಸಲು ಬಿಡಬೇಕಲ್ಲ!

ವಾಸ್ತು ನೋಡುವವನು ಬಂದ. ದಿಕ್ಸೂಚಿಯನ್ನು ಅಂಗೈಯಲ್ಲಿಟ್ಟುಕೊಂಡು ಉಗ್ರಾಣದ ಮುಂದೆ ನಿಂತು ತಲೆಯಾಡಿಸಿದ. ಇದು ನೈಋತ್ಯ, ಯಜಮಾನನ ಮೂಲೆ, ಇಲ್ಲಿ ಗುಂಡಿ ತೋಡಿದರೆ ಯಜಮಾನನಿಗೇ ಕಂಟಕ ಎಂದ. ವ್ಯಾಪಾರಿ ಹೆದರಿದ. ಹಾಗಾದರೆ ಈಶಾನ್ಯ? ಅದು ದೇವರ ಮೂಲೆ. ಆಗ್ನೇಯ? ಅಲ್ಲಿ ಒಲೆ ಇದೆ. ನಡುಮನೆಯ ಪಕ್ಕ? ಅದು ಬ್ರಹ್ಮಸ್ಥಾನ. ಮುಂಬಾಗಿಲ ಹತ್ತಿರ? ಮನೆಗೆ ಬಂದ ನೆಂಟರ ಕಣ್ಣಿಗೆ ಮೊದಲು ಬೀಳುವುದು ಅದೇ ಆಗಬೇಕೇ ಎಂದು ವ್ಯಾಪಾರಿಯ ಹೆಂಡತಿ ಸಿಡುಕಿದಳು. ಅವಳ ಅಪ್ಪ ಬಂದ, ಅಪ್ಪನ ಸ್ನೇಹಿತ ಬಂದ, ಪಕ್ಕದ ಮನೆಯ ಮೇಷ್ಟ್ರು ತಮ್ಮ ಮನೆಯ ನಕ್ಷೆಯನ್ನೇ ತಂದು ತೋರಿಸಿದರು. ಬಂದವರಿಗೆಲ್ಲ ಕಾಫಿ. ಕಾಫಿ ಕುಡಿದವರಿಗೆಲ್ಲ ಒಂದೊಂದು ಅಭಿಪ್ರಾಯ. ಒಂದು ಕಕ್ಕಸಿಗೆ ಇಷ್ಟು ಜನ ಪಂಡಿತರು ಬೇಕಾಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ತಾಯಿ ತನ್ನ ಕೋಣೆಯ ಬಾಗಿಲ ಹತ್ತಿರ ಗೋಡೆಗೆ ಒರಗಿ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಒಬ್ಬನಾದರೂ ಅವಳ ಕಡೆಗೆ ತಿರುಗಿ, ನಿಮಗೆ ಎಲ್ಲಿ ಅನುಕೂಲವಮ್ಮ ಎಂದು ಕೇಳಲಿಲ್ಲ.

ಬಿದ್ದ ದಿನದಿಂದ ಅವಳಿಗೆ ಆ ನಾಲ್ಕು ಮೆಟ್ಟಿಲು ಕಂಡರೆ ಭಯ. ಹೋಗುವುದು ಕಡಿಮೆಯಾಗಬೇಕಾದರೆ ಕುಡಿಯುವುದು ಕಡಿಮೆಯಾಗಬೇಕು. ಅವಳು ತಾನಾಗಿಯೇ ಕಂಡುಕೊಂಡ ಉಪಾಯ ಅದು. ಬೆಳಗ್ಗೆ ಅರ್ಧ ಲೋಟ ಕಾಫಿ, ಊಟದ ಜೊತೆ ಒಂದು ಲೋಟ ನೀರು, ಅಷ್ಟೇ. ಸೊಸೆಯರು ನೀರು ತಂದುಕೊಟ್ಟರೆ ಆಮೇಲೆ ಕುಡಿಯುತ್ತೇನೆ, ಇಡು ಎನ್ನುತ್ತಿದ್ದಳು. ಅವರು ಅತ್ತ ಹೋದ ಮೇಲೆ ಕಿಟಕಿಯಿಂದ ಆಚೆ ಚೆಲ್ಲುತ್ತಿದ್ದಳು. ಕಿಟಕಿಯ ಕೆಳಗಿದ್ದ ದಾಸವಾಳ ಆ ಬೇಸಗೆಯಲ್ಲೂ ಮೈತುಂಬ ಹೂ ಬಿಟ್ಟಿತು. ಮನೆಯವರು ಹೂ ಕಿತ್ತು ದೇವರಿಗೆ ಏರಿಸಿದರು.

ಆಷಾಢ ಬಂತು, ಕಟ್ಟಡಕ್ಕೆ ಕೈ ಹಾಕಬಾರದು ಎಂದರು. ಪಿತೃಪಕ್ಷ ಬಂತು, ಬೇಡವೇ ಬೇಡ ಎಂದರು. ಧನುರ್ಮಾಸ ಬಂತು. ಗಾರೆಯವನು ಸಂತೆಯಲ್ಲಿ ಸಿಕ್ಕಿದಾಗಲೆಲ್ಲ ಕೇಳುತ್ತಿದ್ದ, ಆಮೇಲೆ ಕೇಳುವುದನ್ನೇ ಬಿಟ್ಟ. ಒಂದು ವರ್ಷ ಕಳೆದ ಮೇಲೆ ವಾಸ್ತುವಿನವನು ವಾಯವ್ಯ ಎಂದ. ವಾಯವ್ಯಕ್ಕೆ ಯಾವ ದೋಷವೂ ಇಲ್ಲವಂತೆ. ಆದರೆ ಕೆಳಗೆ ವಾಯವ್ಯದಲ್ಲಿ ತಮ್ಮನ ಕೋಣೆ ಇತ್ತು. ಕೋಣೆ ಬಿಟ್ಟುಕೊಡು ಎಂದದ್ದಕ್ಕೆ ತಮ್ಮ ಎರಡು ದಿನ ಊಟ ಬಿಟ್ಟ. ಹಾಗಾದರೆ ಅದೇ ಕೋಣೆಯ ಮೇಲೆ, ಮಹಡಿಯಲ್ಲಿ ಕಟ್ಟಿದರೆ? ಅದೂ ವಾಯವ್ಯವೇ ತಾನೆ? ಎಲ್ಲರೂ ಭೇಷ್ ಎಂದರು. ಆ ವರ್ಷ ಅವರೆಲ್ಲ ಒಪ್ಪಿದ್ದು ಅದೊಂದನ್ನೇ.

ಕೇಳಿಸಿತೇನಯ್ಯಾ? ನಾಲ್ಕು ಮೆಟ್ಟಿಲು ಇಳಿಯಲಾರದ ಮುದುಕಿಗೆ ಹತ್ತೊಂಬತ್ತು ಮೆಟ್ಟಿಲ ಮೇಲೆ ಕಕ್ಕಸು.

ಕಟ್ಟುವುದನ್ನು ಚೆನ್ನಾಗಿಯೇ ಕಟ್ಟಿದರು. ಗೋಡೆಗೆ ಬಿಳಿ ಟೈಲ್ಸು, ಬಿಸಿನೀರಿಗೆ ಗೀಸರು, ಅಮ್ಮನಿಗೆ ಹಿಡಿದುಕೊಂಡು ಏಳಲೆಂದು ಸ್ಟೀಲಿನ ಹಿಡಿ. ಆರಂಭಕ್ಕೆ ಒಳ್ಳೆಯ ದಿನ ನೋಡಿದರು. ಅಮ್ಮನೇ ಮೊದಲು ಕಾಲಿಡಬೇಕೆಂದು ಇಬ್ಬರು ಮಕ್ಕಳೂ ಸೇರಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತುಕೊಂಡು ಹೋದರು. ಅವಳು ಬಾಗಿಲಿಗೆ ಅರಿಶಿನ ಕುಂಕುಮ ಹಚ್ಚಿದಳು. ನಲ್ಲಿ ತಿರುಗಿಸಿ ನೋಡಿದಳು. ಚೆನ್ನಾಗಿದೆ ಕಣಪ್ಪ ಎಂದಳು. ಮತ್ತೆ ಅದೇ ಕುರ್ಚಿಯಲ್ಲಿ ಕೆಳಗಿಳಿಸಿದರು. ಅವಳು ಅಲ್ಲಿಗೆ ಹೋದದ್ದು ಅದೊಂದೇ ಸಲ.

ಬಂದವರಿಗೆಲ್ಲ ಪಾನಕ ಹಂಚಿದರು. ಅವಳು ಲೋಟವನ್ನು ತುಟಿಗೆ ತಾಗಿಸಿ ಪಕ್ಕಕ್ಕಿಟ್ಟಳು. ಇದೆಲ್ಲ ನನಗೆ ಹೇಗೆ ಗೊತ್ತು ಅನ್ನುತ್ತೀಯಾ? ಆ ಒಳ್ಳೆಯ ದಿನ ನೋಡಿಕೊಟ್ಟವನು ನಾನು. ಅವಳ ಪಕ್ಕದಲ್ಲೇ ಕುಳಿತು ಎರಡು ಲೋಟ ಪಾನಕ ಕುಡಿದವನೂ ನಾನೇ. ಅವಳ ಲೋಟ ತುಂಬಿದ ಹಾಗೇ ಇದ್ದದ್ದು ನನ್ನ ಕಣ್ಣಿಗೆ ಬಿತ್ತು. ಯಾಕೆ ತಾಯಿ ಎಂದು ನಾನೂ ಕೇಳಲಿಲ್ಲ. ನನ್ನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ.

ಹದಿನೈದು ದಿನಕ್ಕೆ ಅವಳಿಗೆ ಚಳಿಜ್ವರ ಬಂತು. ಆಸ್ಪತ್ರೆಗೆ ಸೇರಿಸಿದರು. ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, ಸೋಂಕು ಮೂತ್ರಪಿಂಡಕ್ಕೆ ಏರಿದೆ, ನೀರೇ ಕುಡಿಯದೆ ಹೀಗಾಗಿದೆ ಎಂದರು. ವ್ಯಾಪಾರಿಗೆ ಅರ್ಥವಾಗಲಿಲ್ಲ.

“ಅಮ್ಮನಿಗೋಸ್ಕರಾನೇ ಹೊಸ ಕಕ್ಕಸು ಕಟ್ಟಿಸಿದೀವಿ ಮೇಡಂ” ಎಂದ.

“ಎಲ್ಲಿ?”

“ವಾಯವ್ಯದಲ್ಲಿ.”

“ವಾಯವ್ಯ ಎಲ್ಲಿದೆ?”

“ಮಹಡಿ ಮೇಲೆ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಅವನ ಮುಖ ನೋಡಿದರು. ಆಗ ಅವನಿಗೂ ತಾನು ಹೇಳಿದ್ದು ಕೇಳಿಸಿತು. ಅವನು ಹೋಗಿ ತಾಯಿಯ ಮಂಚದ ಪಕ್ಕ ಕುಳಿತ. ಅಷ್ಟು ದಿನ ಊರನ್ನೆಲ್ಲ ಕೇಳಿದ ಪ್ರಶ್ನೆಯನ್ನು ಆಗ ತಾಯಿಯನ್ನು ಕೇಳಿದ. “ಎಲ್ಲಿ ಬೇಕಿತ್ತಮ್ಮ ನಿಂಗೆ?”

“ಆ ಅಚ್ಚು ತುಂಬಿದೀರಲ್ಲ, ಆ ಉಗ್ರಾಣ” ಎಂದಳು. “ಗೋಡೆ ಹಿಡ್ಕಂಡ್ರೆ ಆರು ಹೆಜ್ಜೆ.”

“ಒಂದು ಮಾತು ಹೇಳೋದಲ್ವೇನಮ್ಮ?”

“ಅಷ್ಟೊಂದು ಜನ ಗಂಡಸರು ಕೂತ್ಕಂಡು ಮಾತಾಡ್ತಿದ್ರಲ್ಲಪ್ಪ. ಅವರ ಮುಂದೆ ನನ್ನ ಕಕ್ಕಸಿನ ಕಷ್ಟ ಹೆಂಗೋ ಹೇಳ್ಕಳ್ಳಿ? ನಾಚ್ಕೆ ಆಗಲ್ವಾ?”

ವ್ಯಾಪಾರಿ ಅಳುತ್ತಲೇ ಗಾರೆಯವನನ್ನು ಕರೆಸಿದ. ಈ ಸಲ ದಿಕ್ಸೂಚಿ ಬರಲಿಲ್ಲ. ಎಂಟು ದಿನದ ಕೆಲಸ, ಎಂಟೇ ದಿನದಲ್ಲಿ ಮುಗಿಯಿತು. ಉಗ್ರಾಣದಲ್ಲಿದ್ದ ಅಚ್ಚುಗಳನ್ನೆಲ್ಲ ಮಹಡಿಯ ಕಕ್ಕಸಿಗೆ ಸಾಗಿಸಿದರು. ಅವು ಈಗಲೂ ಬಿಳಿ ಟೈಲ್ಸಿನ ನಡುವೆ, ವಾಯವ್ಯದಲ್ಲಿ, ಯಾವ ದೋಷವೂ ಇಲ್ಲದೆ ಕುಳಿತಿವೆ. ತಾಯಿ ಮನೆಗೆ ಬಂದಳು. ಬಂದ ದಿನ ದೊಡ್ಡ ಲೋಟದಲ್ಲಿ ನೀರು ಕೇಳಿ ಕುಡಿದಳಂತೆ. ಆದರೆ ಮೂತ್ರಪಿಂಡ ಆಗಲೇ ಸೋತಿತ್ತು. ಆ ಕಕ್ಕಸನ್ನು ಅವಳು ಬಳಸಿದ್ದು ನಾಲ್ಕೇ ತಿಂಗಳು.

ಗುರುಗಳು ಕತೆ ಮುಗಿಸಿದರು.

“ಎಂಥ ಜನ ಗುರುಗಳೇ! ಕಣ್ಣೆದುರಿಗೇ ಕೂತಿದ್ದವಳನ್ನು ಒಂದು ಮಾತು ಕೇಳಲಿಲ್ಲವಲ್ಲ” ಎಂದ ಶಂಭುಲಿಂಗ. ನಿಜವಾಗಿಯೂ ಅವನಿಗೆ ದುಃಖವಾಗಿತ್ತು. ಆಮೇಲೆ ಬಂದ ಕೆಲಸ ನೆನಪಾಗಿ, ನಕ್ಷೆಯನ್ನು ಮತ್ತೆ ಬಿಡಿಸಿದ. “ನಾಳೆ ಸಮಿತಿಯವರು ಏಳನೆಯ ಸಲ ಸೇರುತ್ತಾರೆ. ಅವರಿಗೆ ಯಾವ ದಿಕ್ಕು ಎಂದು ಹೇಳಲಿ?”

ಗುರುಗಳು ತಮ್ಮ ಮುಂದಿದ್ದ ಮಜ್ಜಿಗೆಯನ್ನು ಇನ್ನೂ ಮುಟ್ಟಿರಲಿಲ್ಲ. ಆ ಲೋಟವನ್ನು ಎತ್ತಿ ಅವನ ಕೈಗೆ ಕೊಟ್ಟರು.

“ಇದನ್ನು ಪುಟ್ಟಗಂಗಮ್ಮನಿಗೆ ಕೊಟ್ಟು, ಬೆಳಗಿನಿಂದ ಯಾಕೆ ಏನೂ ಕುಡಿದಿಲ್ಲ ಎಂದು ಕೇಳಿಕೊಂಡು ಬಾ.”