ಕಡತದ ಗಂಟಿಗೆ ಬಂದ ಓದುಗ

ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಕೆಂಪು ಬಟ್ಟೆ ಸುತ್ತಿದ ಕಡತದ ಗಂಟೊಂದಿತ್ತು. ಅಣೆಕಟ್ಟಿನ ನೀರಲ್ಲಿ ಮುಳುಗಿದ ಊರೊಂದರ ಜನರ ಹೆಸರೆಲ್ಲ ಅದರೊಳಗಿತ್ತು. ನಲವತ್ತು ವರ್ಷದಿಂದ ಯಾರೂ ಅದನ್ನು ಬಿಚ್ಚಿರಲಿಲ್ಲ. ಪಕ್ಕದ ಗಂಟನ್ನು ಇಳಿಸಿದಾಗಲೆಲ್ಲ ಇದರ ಎದೆ ಚುಳ್ಳೆನ್ನುತ್ತಿತ್ತು.

ಒಂದು ದಿನ ಗೆದ್ದಲೊಂದು ಗೋಡೆ ಹತ್ತಿ ಬಂತು.

"ನನ್ನನ್ನೇ ಹುಡುಕಿಕೊಂಡು ಬಂದಿರಾ?" ಎಂದಿತು ಗಂಟು.

"ನಿಮ್ಮನ್ನೇ. ಮೊದಲ ಹಾಳೆಯಿಂದ ಕೊನೆಯವರೆಗೆ ಒಂದಕ್ಷರವನ್ನೂ ಬಿಡುವವನಲ್ಲ ನಾನು," ಎಂದಿತು ಗೆದ್ದಲು.

ಗಂಟು ಹಿಗ್ಗಿ ತಾನೇ ಸಡಿಲಾಯಿತು. "ಸಾವಕಾಶ ಆಗಲಿ, ನಿಮ್ಮ ಬಳಗವನ್ನೂ ಕರೆಯಿರಿ," ಎಂದು ಉಪಚಾರ ಬೇರೆ ಮಾಡಿತು.

ಮಳೆಗಾಲ ಕಳೆದ ಮೇಲೆ ಮುದುಕಿಯೊಬ್ಬಳು ಬಂದು ಗಂಟನ್ನು ಮಡಿಲಿಗೆ ಇಳಿಸಿಕೊಂಡಳು. "ನಮ್ಮಪ್ಪನ ಹೆಸರು ಉಳಿದಿರೋದು ಇದೊಂದರಲ್ಲೇ," ಎಂದಳು.

ಆ ಹೆಸರು ಹೇಳಲೆಂದು ಗಂಟು ಬಾಯಿ ತೆರೆಯಿತು. ಅವಳ ಮಡಿಲ ತುಂಬ ಮಣ್ಣು ಸುರಿಯಿತು.